ಹದಿನೈದಕ್ಕೇ ಮುಗಿದ ಸ್ಪರ್ಧಾಜೀವನ: ಟಾರಾ ಲಿಪಿನ್‌ಸ್ಕಿ ಪ್ರಕರಣ

1998ರ ಫೆಬ್ರವರಿ 20ರಂದು ಜಪಾನಿನ ನಾಗಾನೊ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಫಿಗರ್ ಸ್ಕೇಟಿಂಗ್ ಚಿನ್ನ ಗೆದ್ದಾಗ ಅಮೆರಿಕದ ಟಾರಾ ಲಿಪಿನ್‌ಸ್ಕಿಗೆ 15 ವರ್ಷ 255 ದಿನ ತುಂಬಿತ್ತು. ನಾರ್ವೆಯ ಸೋನ್ಯಾ ಹೆನಿ 1928ರಲ್ಲಿ ಇದೇ ಪದಕ ಗೆದ್ದ ವಯಸ್ಸಿಗಿಂತ ಇದು ಸುಮಾರು ಎರಡು ತಿಂಗಳು ಕಡಿಮೆ. 2018ರಲ್ಲಿ ರಷ್ಯಾದ ಅಲೀನಾ ಜಗಿಟೋವಾ ಕೂಡ ಹದಿನೈದರಲ್ಲೇ ಗೆದ್ದರು. ಆದರೆ ಆಕೆ 26 ದಿನ ದೊಡ್ಡವರಾಗಿದ್ದುದರಿಂದ ಲಿಪಿನ್‌ಸ್ಕಿಯ ದಾಖಲೆ ಹಾಗೆಯೇ ಉಳಿಯಿತು. ದಾಖಲೆಗಿಂತ ವಿಚಿತ್ರವಾದ ಸಂಗತಿ ಬೇರೊಂದಿದೆ. ನಾಗಾನೊದ ಆ ನಾಲ್ಕು ನಿಮಿಷಗಳ ಪ್ರದರ್ಶನವೇ ಒಲಿಂಪಿಕ್ ಅರ್ಹತೆಯುಳ್ಳ ಸ್ಪರ್ಧೆಗಳಲ್ಲಿ ಆಕೆಯ ಕೊನೆಯ ಪ್ರದರ್ಶನವೂ ಆಯಿತು. ಎರಡೇ ತಿಂಗಳಲ್ಲಿ ಆಕೆ ವೃತ್ತಿಪರ ಸ್ಕೇಟಿಂಗ್‌ಗೆ ಹೊರಟುಹೋದರು.

ಈ ಕತೆಯನ್ನು ಸಾಮಾನ್ಯವಾಗಿ ಎರಡು ರೀತಿಯಲ್ಲಿ ಹೇಳುವುದುಂಟು. ಒಂದರಲ್ಲಿ ಆಕೆ ಅಸಾಧಾರಣ ಬಾಲಪ್ರತಿಭೆ; ಇನ್ನೊಂದರಲ್ಲಿ ಬಾಲ್ಯವನ್ನೇ ಕ್ರೀಡೆಗೆ ತೆತ್ತು, ಹದಿನೈದಕ್ಕೇ ದಣಿದು ಹೋದ ಹುಡುಗಿ. ಎರಡಕ್ಕೂ ಆಧಾರವಿಲ್ಲವೆಂದಲ್ಲ, ಆದರೆ ಎರಡೂ ವ್ಯಕ್ತಿಯನ್ನಷ್ಟೇ ನೋಡುತ್ತವೆ. ವಯಸ್ಸಿನ ನಿಯಮ, ಅಂಕ ನೀಡುವ ಪದ್ಧತಿ ಮತ್ತು ಬೆಳೆಯುತ್ತಿರುವ ದೇಹದ ಅಳತೆ, ಈ ಮೂರೂ ಒಬ್ಬ ಸ್ಪರ್ಧಿಗೆ ಏಕಕಾಲಕ್ಕೆ ಅನುಕೂಲವಾಗಿದ್ದ ಒಂದು ಕಿರು ಅವಧಿ 1996ರಿಂದ 1998ರವರೆಗೆ ಇತ್ತು. ಆ ಅವಧಿಯ ಆಚೆಗೂ ಈಚೆಗೂ ಇದೇ ಹುಡುಗಿಗೆ ಇದೇ ಫಲ ಸಿಗುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ಹಿನ್ನೆಲೆ

ಲಿಪಿನ್‌ಸ್ಕಿ ಹುಟ್ಟಿದ್ದು 1982ರ ಜೂನ್ 10ರಂದು, ಫಿಲಡೆಲ್ಫಿಯಾದಲ್ಲಿ. ಮೂರನೆಯ ವಯಸ್ಸಿಗೆ ಕಾಲಿಗೆ ಕಟ್ಟಿದ್ದು ಗಾಲಿಯ ಸ್ಕೇಟು. ಹಿಮದ ಮೇಲೆ ಇಳಿದದ್ದು ಆರರ ಆಸುಪಾಸಿನಲ್ಲಿ, ಅದಾದ ಮೇಲೂ ರೋಲರ್ ಸ್ಕೇಟಿಂಗ್ ಕೆಲವು ವರ್ಷ ಮುಂದುವರಿಯಿತು, ಒಂಬತ್ತನೆಯ ವಯಸ್ಸಿಗೆ ತನ್ನ ವಯೋಗುಂಪಿನಲ್ಲಿ ರಾಷ್ಟ್ರೀಯ ಪ್ರಶಸ್ತಿಯೂ ಬಂತು. ಗಾಲಿಯ ಸ್ಕೇಟು ಭಾರವಾದದ್ದು. ಅದನ್ನು ಕಟ್ಟಿಕೊಂಡು ಜಿಗಿದು ಸುತ್ತಲು ಕಲಿತ ಮಗುವಿಗೆ ಹಗುರವಾದ ಅಲಗಿನ ಮೇಲೆ ಜಿಗಿತ ಬೇಗ ಕೈವಶವಾದದ್ದು ಆಶ್ಚರ್ಯವಲ್ಲ.

1991ರಲ್ಲಿ ತಂದೆಯ ಉದ್ಯೋಗದ ಕಾರಣದಿಂದ ಕುಟುಂಬ ಟೆಕ್ಸಾಸಿಗೆ ಹೋಯಿತು. ಅಲ್ಲಿ ತರಬೇತಿಯ ಅನುಕೂಲ ಸಾಲದೆ, 1993ರಲ್ಲಿ ತಾಯಿ ಮಗಳನ್ನು ಕರೆದುಕೊಂಡು ಡೆಲವೇರ್‌ಗೆ ಮರಳಿದರು. ತಂದೆ ಸಂಪಾದನೆಗಾಗಿ ಟೆಕ್ಸಾಸಿನಲ್ಲೇ ಉಳಿದರು. ಮುಂದೆ ರಿಚರ್ಡ್ ಕ್ಯಾಲಹನ್ ಅವರ ಬಳಿ ಕಲಿಯಲು ತಾಯಿ–ಮಗಳು ಮಿಶಿಗನ್‌ನ ಡೆಟ್ರಾಯಿಟ್ ಸ್ಕೇಟಿಂಗ್ ಕ್ಲಬ್ಬಿಗೆ ವಲಸೆ ಹೋದಾಗಲೂ ತಂದೆಯ ಮನೆ ಬೇರೆಯೇ ಆಗಿತ್ತು. ಒಬ್ಬಳೇ ಮಗಳು, ಎರಡು ಸಂಸಾರ, ಶಾಲೆಯ ಬದಲು ಮನೆಪಾಠ. ಈ ವಿವರವನ್ನು ಇಲ್ಲಿ ಕರುಣೆ ಹುಟ್ಟಿಸಲು ಹೇಳುತ್ತಿಲ್ಲ. 1998ರ ಏಪ್ರಿಲ್ಲಿನ ನಿರ್ಧಾರಕ್ಕೆ ಆಕೆ ಕೊಟ್ಟ ಕಾರಣಗಳಲ್ಲಿ ಕುಟುಂಬ ಒಂದೆಡೆ ಸೇರಬೇಕೆಂಬುದು ಮುಖ್ಯವಾಗಿತ್ತು, ಆದ್ದರಿಂದ ಈ ವ್ಯವಸ್ಥೆ ಎಷ್ಟು ಕಾಲ ನಡೆದಿತ್ತೆಂಬುದು ಓದುಗರಿಗೆ ತಿಳಿದಿರಬೇಕು.

ವಯಸ್ಸಿನ ನಿಯಮ

1996ರ ಮಾರ್ಚ್‌ನಲ್ಲಿ ಕೆನಡಾದ ಎಡ್‌ಮಂಟನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಹದಿಮೂರರ ಲಿಪಿನ್‌ಸ್ಕಿ ಮೊದಲ ಕಿರು ಪ್ರದರ್ಶನವಾದ ಶಾರ್ಟ್ ಪ್ರೋಗ್ರಾಂನಲ್ಲಿ ಎಡವಿ ತೀರಾ ಹಿಂದೆ ಬಿದ್ದು, ಎರಡನೆಯ ಉದ್ದದ ಪ್ರದರ್ಶನವಾದ ಫ್ರೀ ಸ್ಕೇಟ್‌ನಲ್ಲಿ ಚೇತರಿಸಿಕೊಂಡು, ಒಟ್ಟಾರೆ 15ನೆಯ ಸ್ಥಾನಕ್ಕೆ ಬಂದರು. ಹದಿನೈದನೆಯ ಸ್ಥಾನವನ್ನು ಯಾರೂ ನೆನಪಿಡುವುದಿಲ್ಲ. ಆದರೆ ಈ ಪ್ರಕರಣದಲ್ಲಿ ಅದರ ಬೆಲೆ ಪದಕಕ್ಕಿಂತ ಕಡಿಮೆಯದಲ್ಲ.

ಏಕೆಂದರೆ ಅದೇ ವರ್ಷ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟವು ಹಿರಿಯರ ವಿಶ್ವ ಚಾಂಪಿಯನ್‌ಶಿಪ್‌ಗೆ ಕನಿಷ್ಠ ವಯಸ್ಸನ್ನು ಹದಿನೈದಕ್ಕೆ ಏರಿಸಿತು. ಋತು ಶುರುವಾಗುವ ಜುಲೈ 1ಕ್ಕೆ ಮೊದಲೇ ಹದಿನೈದು ತುಂಬಿರಬೇಕೆಂಬುದು ನಿಯಮ. ಈಗಾಗಲೇ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಸ್ಪರ್ಧಿಸಿದವರಿಗೆ ಮಾತ್ರ ವಿನಾಯಿತಿ ಇತ್ತು. 1996ರ ಜುಲೈಗೆ ಲಿಪಿನ್‌ಸ್ಕಿಗೆ ಹದಿನಾಲ್ಕಷ್ಟೇ. ಎಡ್‌ಮಂಟನ್‌ಗೆ ಹೋಗಿರದಿದ್ದರೆ 1997ರ ವಿಶ್ವ ಚಾಂಪಿಯನ್‌ಶಿಪ್‌ನ ಬಾಗಿಲು ಆಕೆಗೆ ಮುಚ್ಚಿರುತ್ತಿತ್ತು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ವಿನಾಯಿತಿ ಸಿಕ್ಕಿದ್ದರಿಂದಲೇ ಒಲಿಂಪಿಕ್ ಚಿನ್ನವೂ ಬಂತೆಂದು ಕೆಲವರು ಹೇಳುವುದುಂಟು. ದಿನಾಂಕಗಳನ್ನು ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ. 1997ರ ಜೂನ್ 10ಕ್ಕೆ ಆಕೆಗೆ ಹದಿನೈದು ತುಂಬಿತು, ಜುಲೈ 1ರ ಗಡಿಗೆ ಮೂರು ವಾರ ಮೊದಲೇ. ನಾಗಾನೊಕ್ಕೆ ಯಾವ ವಿನಾಯಿತಿಯೂ ಬೇಕಿರಲಿಲ್ಲ. ವಿನಾಯಿತಿಯಿಂದ ಸಿಕ್ಕಿದ್ದು ವಿಶ್ವ ಚಾಂಪಿಯನ್ ಎಂಬ ಬಿರುದಿನೊಡನೆ ಒಲಿಂಪಿಕ್ಸ್‌ಗೆ ಕಾಲಿಡುವ ಅವಕಾಶ, ಮತ್ತು ಆ ಬಿರುದು ತೀರ್ಪುಗಾರರ ಕಣ್ಣಿನಲ್ಲಿ ಒಬ್ಬ ಸ್ಪರ್ಧಿಗೆ ತಂದುಕೊಡುವ ತೂಕ. ಆ ಕಾಲದ ಫಿಗರ್ ಸ್ಕೇಟಿಂಗ್‌ನಲ್ಲಿ ಅದು ಸಣ್ಣ ಸಂಗತಿಯಾಗಿರಲಿಲ್ಲ: ಹೊಸಬರು ತಮ್ಮ ಸರದಿಗಾಗಿ ಕಾಯಬೇಕು ಎಂಬ ಬರೆಯದ ಪದ್ಧತಿ ಇತ್ತು.

ಜಿಗಿತ

ಲಿಪಿನ್‌ಸ್ಕಿಯನ್ನು ಉಳಿದವರಿಂದ ಬೇರ್ಪಡಿಸಿದ್ದು ಟ್ರಿಪಲ್ ಲೂಪ್–ಟ್ರಿಪಲ್ ಲೂಪ್ ಜೋಡಣೆ, ಅಂದರೆ ಮೂರು ಸುತ್ತಿನ ಲೂಪ್ ಜಿಗಿತದ ಬೆನ್ನಿಗೇ ಅಂಥದೇ ಇನ್ನೊಂದು. ಸ್ಪರ್ಧೆಯಲ್ಲಿ ಇದನ್ನು ಸಾಧಿಸಿದ ಮೊದಲ ಮಹಿಳೆ ಆಕೆಯೇ. ಇದರ ಕಷ್ಟವೇನೆಂದು ತಿಳಿಯದೆ ಮುಂದಿನ ಲೆಕ್ಕವೂ ಅರ್ಥವಾಗುವುದಿಲ್ಲ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಜಿಗಿತಗಳಲ್ಲಿ ಎರಡು ಬಗೆ. ಟೋ ಲೂಪ್, ಫ್ಲಿಪ್, ಲುಟ್ಜ್‌ಗಳಲ್ಲಿ ಸ್ಕೇಟರ್ ಬಿಡುವಾಗಿರುವ ಕಾಲಿನ ಅಲಗಿನ ತುದಿಯ ಹಲ್ಲನ್ನು ಹಿಮಕ್ಕೆ ಊರಿ ಮೇಲಕ್ಕೆ ಚಿಮ್ಮುತ್ತಾರೆ. ಲೂಪ್‌ನಲ್ಲಿ ಆ ಸಹಾಯವಿಲ್ಲ. ಹಿಂದಕ್ಕೆ ಜಾರುತ್ತಿರುವ ಒಂದೇ ಕಾಲಿನ ಅಲಗಿನ ಹೊರ ಅಂಚಿನಿಂದ, ಮಂಡಿ ಮತ್ತು ಸೊಂಟದ ಕೀಲಿನ ಬಲದಿಂದ ಮೇಲೇಳಬೇಕು, ಇಳಿಯುವುದೂ ಅದೇ ಕಾಲಿನ ಅದೇ ಅಂಚಿನ ಮೇಲೆ. ಮೊದಲ ಜಿಗಿತದಿಂದ ಇಳಿದು ವೇಗವೂ ಸಮತೋಲನವೂ ಕುಗ್ಗಿರುವ ಕ್ಷಣದಲ್ಲಿ ಅದೇ ಕಾಲು ಮತ್ತೆ ಮೂರು ಸುತ್ತಿಗೆ ಬೇಕಾದ ತಿರುಗುಬಲವನ್ನು ಹುಟ್ಟಿಸಬೇಕು. ಬಹುಪಾಲು ಸ್ಪರ್ಧಿಗಳು ಎರಡನೆಯ ಜಿಗಿತಕ್ಕೆ ಟೋ ಲೂಪ್ ಆರಿಸಿಕೊಳ್ಳುವುದು ಇದೇ ಕಾರಣಕ್ಕೆ.

ಗಾಳಿಯಲ್ಲಿರುವ ಹೊತ್ತು ಅರ್ಧ ಸೆಕೆಂಡಿನಷ್ಟು. ನೆಲ ಬಿಟ್ಟ ಮೇಲೆ ತಿರುಗುಬಲವನ್ನು ಹೆಚ್ಚಿಸಲು ಸಾಧ್ಯವಿಲ್ಲ. ಕೈಕಾಲುಗಳನ್ನು ದೇಹದ ಅಕ್ಷಕ್ಕೆ ಎಷ್ಟು ಹತ್ತಿರ ಎಳೆದುಕೊಂಡರೆ ಅಷ್ಟು ವೇಗವಾಗಿ ಸುತ್ತಬಹುದು, ಅಷ್ಟೇ. ಇಲ್ಲಿ ಕಿರಿದಾದ ಭುಜ, ಕಿರಿದಾದ ಸೊಂಟ, ಕಡಿಮೆ ತೂಕ ಇರುವ ದೇಹಕ್ಕೆ ಭೌತಶಾಸ್ತ್ರವೇ ಮೇಲುಗೈ ಕೊಡುತ್ತದೆ. ನಾಗಾನೊದಲ್ಲಿ ಲಿಪಿನ್‌ಸ್ಕಿಯ ಎತ್ತರ ಐದು ಅಡಿಗೂ ಕಡಿಮೆ. ಎತ್ತರಕ್ಕೆ ಹಾರುವ ಶಕ್ತಿ ಆಕೆಯಲ್ಲಿ ವಿಶೇಷವಾಗಿ ಇರಲಿಲ್ಲ. ಇದ್ದದ್ದು ಕ್ಷಣಮಾತ್ರದಲ್ಲಿ ಬಿಗಿಯಾಗಿ ಸುತ್ತಿಕೊಳ್ಳುವ ಚುರುಕು. ಈ ಚುರುಕು ಬೆಳವಣಿಗೆಯೊಂದಿಗೆ ಬದಲಾಗುತ್ತದೆ ಎಂಬುದು ರಿಂಕಿನ ಬದಿಯಲ್ಲಿ ನಿಂತ ಪ್ರತಿ ತರಬೇತುದಾರರಿಗೂ ಗೊತ್ತಿರುವ ಮಾತು.

ಹಾಗೆಂದು ಚಿಕ್ಕ ದೇಹವೇ ಎಲ್ಲವನ್ನೂ ಮಾಡಿತೆಂದರೆ ಅನ್ಯಾಯವಾದೀತು. ಅದೇ ಗಾತ್ರದ ಹುಡುಗಿಯರು ಆಗ ನೂರಾರು ಮಂದಿ ಇದ್ದರು. ಅತ್ಯಂತ ಒತ್ತಡದ ದಿನ ಎಲ್ಲವನ್ನೂ ಬೀಳದೆ ಮಾಡಿ ಮುಗಿಸುವ ಗಟ್ಟಿತನ ಎಲ್ಲರಲ್ಲೂ ಇರಲಿಲ್ಲ.

ಕ್ವಾನ್ ಎದುರು ಒಂದು ವರ್ಷ

ಕ್ಯಾಲಿಫೋರ್ನಿಯಾದ ಮಿಶೆಲ್ ಕ್ವಾನ್ ಲಿಪಿನ್‌ಸ್ಕಿಗಿಂತ ಸುಮಾರು ಎರಡು ವರ್ಷ ದೊಡ್ಡವರು. 1996ರ ವಿಶ್ವ ಚಾಂಪಿಯನ್. ಸಂಗೀತಕ್ಕೆ ಒಗ್ಗುವ ದೇಹಭಾಷೆಯಲ್ಲಿ, ಅಂಚುಗಳ ಆಳದಲ್ಲಿ, ಜಾರುವಿಕೆಯ ನಯದಲ್ಲಿ ಆಕೆಯನ್ನು ಸರಿಗಟ್ಟುವವರು ಆಗ ಇರಲಿಲ್ಲ ಎಂಬುದು ಬಹುಮಂದಿಯ ಅಭಿಪ್ರಾಯ, ನನ್ನದೂ ಅದೇ. 1997ರ ಫೆಬ್ರವರಿಯಲ್ಲಿ ನ್ಯಾಶ್‌ವಿಲ್‌ನಲ್ಲಿ ನಡೆದ ಅಮೆರಿಕದ ರಾಷ್ಟ್ರೀಯ ಸ್ಪರ್ಧೆಯಲ್ಲಿ ಕ್ವಾನ್ ಬಿದ್ದರು, ಹದಿನಾಲ್ಕರ ಲಿಪಿನ್‌ಸ್ಕಿ ಗೆದ್ದರು. ಅತಿ ಕಿರಿಯ ರಾಷ್ಟ್ರೀಯ ಚಾಂಪಿಯನ್ ಎಂಬ ಆ ದಾಖಲೆ 2019ರಲ್ಲಿ ಹದಿಮೂರರ ಅಲಿಸಾ ಲಿಯು ಗೆಲ್ಲುವವರೆಗೆ ಉಳಿಯಿತು.

ಮಾರ್ಚ್‌ನಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್. ಆಗಿನ ಪದ್ಧತಿಯಲ್ಲಿ ತೀರ್ಪುಗಾರರು ಗರಿಷ್ಠ 6.0ರ ಮಟ್ಟದಲ್ಲಿ ಕೊಡುವ ಅಂಕಗಳು ನೇರವಾಗಿ ಕೂಡಿಕೊಳ್ಳುತ್ತಿರಲಿಲ್ಲ. ಅವು ಸ್ಥಾನಗಳನ್ನಷ್ಟೇ ನಿರ್ಧರಿಸುತ್ತಿದ್ದವು. ಶಾರ್ಟ್ ಪ್ರೋಗ್ರಾಂನ ಸ್ಥಾನಕ್ಕೆ ಅರ್ಧ, ಫ್ರೀ ಸ್ಕೇಟ್‌ನ ಸ್ಥಾನಕ್ಕೆ ಒಂದು ಎಂಬ ತೂಕ. ಕೂಡಿ ಬಂದ ಮೊತ್ತ ಯಾರದು ಕಡಿಮೆಯೋ ಅವರು ವಿಜೇತರು. ಲೋಸಾನ್‌ನಲ್ಲಿ ಲಿಪಿನ್‌ಸ್ಕಿ ಶಾರ್ಟ್‌ನಲ್ಲಿ ಮೊದಲಿಗರು, ಕ್ವಾನ್ ನಾಲ್ಕನೆಯವರು. ಫ್ರೀ ಸ್ಕೇಟ್ ಗೆದ್ದದ್ದು ಕ್ವಾನ್, ಲಿಪಿನ್‌ಸ್ಕಿ ಎರಡನೆಯವರು. ಲಿಪಿನ್‌ಸ್ಕಿಗೆ 2.5, ಕ್ವಾನ್‌ಗೆ 3.0. ಉದ್ದದ ಪ್ರದರ್ಶನದಲ್ಲಿ ಸೋತು, ಹದಿನಾಲ್ಕು ವರ್ಷ ಒಂಬತ್ತು ತಿಂಗಳಿಗೆ ಲಿಪಿನ್‌ಸ್ಕಿ ಮಹಿಳೆಯರ ಅತಿ ಕಿರಿಯ ವಿಶ್ವ ಚಾಂಪಿಯನ್ ಆದರು.

ಮುಂದಿನ ಋತುವಿನಲ್ಲಿ ಗಾಳಿ ಕ್ವಾನ್ ಕಡೆಗೆ ತಿರುಗಿತು. 1998ರ ಜನವರಿಯಲ್ಲಿ ಫಿಲಡೆಲ್ಫಿಯಾದ ರಾಷ್ಟ್ರೀಯ ಸ್ಪರ್ಧೆಯಲ್ಲಿ ಲಿಪಿನ್‌ಸ್ಕಿ ಶಾರ್ಟ್ ಪ್ರೋಗ್ರಾಂನ ಟ್ರಿಪಲ್ ಫ್ಲಿಪ್‌ನಲ್ಲಿ ಬಿದ್ದು, ಕೊನೆಗೆ ಎರಡನೆಯವರಾದರು. ಕ್ವಾನ್ ಸಾಲುಸಾಲಾಗಿ 6.0 ಪಡೆದರು. ನಾಗಾನೊಕ್ಕೆ ವಿಮಾನ ಹತ್ತುವಾಗ ಚಿನ್ನದ ನಿರೀಕ್ಷೆಯ ಭಾರ ಕ್ವಾನ್ ಹೆಗಲ ಮೇಲಿತ್ತು.

ನಾಗಾನೊದ ಲೆಕ್ಕ

ಇಬ್ಬರೂ ಒಲಿಂಪಿಕ್ಸ್ ಕಳೆದ ಬಗೆಯ ಬಗ್ಗೆ ಬಹಳ ಬರೆಯಲಾಗಿದೆ: ಲಿಪಿನ್‌ಸ್ಕಿ ಉದ್ಘಾಟನಾ ಸಮಾರಂಭದಲ್ಲಿ ನಡೆದು, ಕ್ರೀಡಾಗ್ರಾಮದಲ್ಲೇ ತಂಗಿ, ಎಲ್ಲರೊಡನೆ ಬೆರೆತರು, ಕ್ವಾನ್ ತಡವಾಗಿ ಬಂದು ಹೋಟೆಲಿನಲ್ಲಿ ಹೆತ್ತವರೊಡನೆ ಉಳಿದರು. ಒಬ್ಬಳು ಆನಂದಿಸಿದಳು, ಆದ್ದರಿಂದ ಗೆದ್ದಳು ಎಂಬ ತೀರ್ಮಾನ ಇದರಿಂದ ಸುಲಭವಾಗಿ ಹೊರಡುತ್ತದೆ. ಫಲಿತಾಂಶ ಬಂದ ಮೇಲೆ ಹುಡುಕಿಕೊಂಡ ಕಾರಣ ಅದು. ಕ್ವಾನ್ ಗೆದ್ದಿದ್ದರೆ ಅದೇ ಹೋಟೆಲ್ ವಾಸವನ್ನು ಏಕಾಗ್ರತೆಯೆಂದು ಹೊಗಳುತ್ತಿದ್ದರು.

ಶಾರ್ಟ್ ಪ್ರೋಗ್ರಾಂನಲ್ಲಿ ಕ್ವಾನ್ ಮೊದಲು, ಲಿಪಿನ್‌ಸ್ಕಿ ಎರಡನೆಯವರು. ಹಿಂದಿನ ತಿಂಗಳು ಬೀಳಿಸಿದ್ದ ಫ್ಲಿಪ್ ಈ ಬಾರಿ ನಿಂತಿತು. 0.5 ಮತ್ತು 1.0ರ ಅಂತರ ಎಂದರೆ ಫ್ರೀ ಸ್ಕೇಟ್ ಗೆದ್ದವರಿಗೇ ಚಿನ್ನ ಎಂದರ್ಥ. ಅದರಲ್ಲಿ ಕ್ವಾನ್ ಮೊದಲು ಇಳಿದರು, ಲಿಪಿನ್‌ಸ್ಕಿ ಆಮೇಲೆ. ಕ್ವಾನ್ ಪ್ರದರ್ಶನದಲ್ಲಿ ತಪ್ಪಿರಲಿಲ್ಲ. ಕಲಾತ್ಮಕತೆಯ ವಿಭಾಗದಲ್ಲಿ ಒಂಬತ್ತೂ ತೀರ್ಪುಗಾರರು 5.9 ಕೊಟ್ಟರು, ಆದರೆ ತಾಂತ್ರಿಕ ವಿಭಾಗದಲ್ಲಿ ಅಂಕಗಳು ಒಂದು ಮೆಟ್ಟಿಲು ಕೆಳಗೇ ನಿಂತವು. ಮುಂದೆ ಬರುವವರಿಗೆ ಜಾಗ ಬಿಟ್ಟು ಅಂಕ ಕೊಡಲೇಬೇಕಾಗುವುದು ಸ್ಥಾನಾಧಾರಿತ ಪದ್ಧತಿಯ ಸಹಜ ಗುಣ. ಮೇಲಾಗಿ ಕ್ವಾನ್ ಎಚ್ಚರಿಕೆಯಿಂದ, ತುಸು ಕಾಯ್ದುಕೊಂಡು ಆಡಿದ್ದು ಕಣ್ಣಿಗೆ ಕಾಣುತ್ತಿತ್ತು.

ಲಿಪಿನ್‌ಸ್ಕಿ ಏಳು ಟ್ರಿಪಲ್‌ಗಳನ್ನು ಮಾಡಿದರು. ಟ್ರಿಪಲ್ ಲೂಪ್–ಟ್ರಿಪಲ್ ಲೂಪ್ ಅದರಲ್ಲಿತ್ತು. ಕಾಲುಗಳು ಸೋತಿರುವ ಕೊನೆಯ ಹೊತ್ತಿನಲ್ಲಿ ಟ್ರಿಪಲ್ ಟೋ ಲೂಪ್, ಅರ್ಧ ಲೂಪ್, ಟ್ರಿಪಲ್ ಸಾಲ್ಕೌ ಎಂಬ ಸರಣಿಯೂ ಇತ್ತು. ಒಂಬತ್ತರಲ್ಲಿ ಆರು ತೀರ್ಪುಗಾರರು ಆಕೆಯನ್ನು ಮೊದಲಿಟ್ಟರು, ಮೂವರು ಕ್ವಾನ್‌ರನ್ನು. ಮೊತ್ತ 2.0 ಮತ್ತು 2.5. ಚೀನಾದ ಚೆನ್ ಲು ಕಂಚು ಪಡೆದರು. ಹನ್ನೊಂದು ತಿಂಗಳ ಹಿಂದೆ ಫ್ರೀ ಸ್ಕೇಟ್ ಸೋತು ಶಾರ್ಟ್‌ನ ಬಲದಿಂದ ವಿಶ್ವ ಚಾಂಪಿಯನ್ ಆಗಿದ್ದವರು, ಈಗ ಶಾರ್ಟ್ ಸೋತು ಫ್ರೀ ಸ್ಕೇಟ್‌ನ ಬಲದಿಂದ ಒಲಿಂಪಿಕ್ ಚಾಂಪಿಯನ್ ಆದರು.

ತೀರ್ಪು ಸರಿಯೇ? ಆ ದಿನದ ನಿಯಮಗಳಂತೆ ಸರಿ ಎಂದೇ ನನ್ನ ಎಣಿಕೆ. ಕ್ವಾನ್‌ರಲ್ಲಿ ಟ್ರಿಪಲ್–ಟ್ರಿಪಲ್ ಇರಲಿಲ್ಲ, ಲಿಪಿನ್‌ಸ್ಕಿಯಲ್ಲಿ ಎರಡಿದ್ದವು. ಆದರೆ ಆಕೆಯ ಲುಟ್ಜ್ ಹೊರ ಅಂಚಿನಿಂದ ಹೊರಡುವ ಬದಲು ಒಳ ಅಂಚಿಗೆ ಜಾರುತ್ತದೆಂಬ ಟೀಕೆ ಆಗಲೇ ಇತ್ತು, ಅದು ನಿಜವೂ ಹೌದು. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನ ಜೋಡಿ ಸ್ಪರ್ಧೆಯ ತೀರ್ಪಿನ ಹಗರಣದ ನಂತರ 6.0 ಪದ್ಧತಿಯನ್ನು ಕೈಬಿಟ್ಟು, ಪ್ರತಿ ಜಿಗಿತಕ್ಕೂ ಪ್ರತ್ಯೇಕ ಅಂಕ ಕೊಡುವ ಪದ್ಧತಿ ಬಂತು. ತಪ್ಪು ಅಂಚಿಗೂ ಪೂರ್ಣವಾಗದ ಸುತ್ತಿಗೂ ಅದರಲ್ಲಿ ನಿಧಾನಗತಿಯ ದೃಶ್ಯ ನೋಡಿ ಅಂಕ ಕಳೆಯಲಾಗುತ್ತದೆ. ಈ ಕಣ್ಣಿನಿಂದ ನಾಗಾನೊವನ್ನು ಮರಳಿ ನೋಡುವವರು ಅಂತರ ಕಿರಿದಾಗುತ್ತಿತ್ತೆಂದು ವಾದಿಸುತ್ತಾರೆ. ಕಿರಿದಾಗುತ್ತಿತ್ತು ನಿಜ, ಆದರೆ ಆ ಪದ್ಧತಿ ಇದ್ದಿದ್ದರೆ ಇಬ್ಬರೂ ಬೇರೆಯೇ ಪ್ರದರ್ಶನಗಳನ್ನು ಕಟ್ಟಿಕೊಂಡು ಬರುತ್ತಿದ್ದರು, ಹಾಗಾಗಿ ಆ ವಾದವನ್ನು ಬಹುದೂರ ಎಳೆಯಲಾಗದು.

ನಿರ್ಗಮನ

ಗೆಲುವಿನ ನಂತರ ಆಕೆ ಅನಾರೋಗ್ಯ ಮತ್ತು ದಣಿವಿನ ಕಾರಣ ಹೇಳಿ ಮಾರ್ಚ್‌ನ ವಿಶ್ವ ಚಾಂಪಿಯನ್‌ಶಿಪ್‌ನಿಂದ ಹಿಂದೆ ಸರಿದರು. ಏಪ್ರಿಲ್‌ನಲ್ಲಿ ವೃತ್ತಿಪರರಾಗುವುದಾಗಿ ಘೋಷಿಸಿದರು. ಟೀಕೆ ಬಲವಾಗಿಯೇ ಬಂತು: ಹದಿನೈದರ ಚಾಂಪಿಯನ್ ತನ್ನ ಬಿರುದನ್ನು ರಕ್ಷಿಸಿಕೊಳ್ಳದೆ ಹಣದ ಹಿಂದೆ ಹೋದಳು ಎಂಬುದು ಅದರ ಸಾರ.

ಹಣದ ಮಾತನ್ನು ಮುಚ್ಚಿಡಬೇಕಾಗಿಲ್ಲ. 1994ರಲ್ಲಿ ಅಮೆರಿಕದ ಸ್ಕೇಟರ್ ನ್ಯಾನ್ಸಿ ಕೆರಿಗನ್ ಮೇಲಿನ ಹಲ್ಲೆ ಮತ್ತು ಅದರಲ್ಲಿ ಪ್ರತಿಸ್ಪರ್ಧಿ ಟೋನ್ಯಾ ಹಾರ್ಡಿಂಗ್ ಹೆಸರು ಕೇಳಿಬಂದದ್ದರಿಂದ ಅಮೆರಿಕದ ದೂರದರ್ಶನದಲ್ಲಿ ಫಿಗರ್ ಸ್ಕೇಟಿಂಗ್‌ಗೆ ಹಿಂದೆಂದೂ ಇಲ್ಲದ ಬೇಡಿಕೆ ಹುಟ್ಟಿತ್ತು. ವೃತ್ತಿಪರ ಸ್ಪರ್ಧೆಗಳು, ಊರೂರು ತಿರುಗುವ ಪ್ರದರ್ಶನಗಳು, ಜಾಹೀರಾತುಗಳು ಉತ್ತುಂಗದಲ್ಲಿದ್ದವು. ಕೆಲವೇ ವರ್ಷಗಳಲ್ಲಿ ಆ ಮಾರುಕಟ್ಟೆ ಕುಸಿಯಿತು. ವರ್ಷಗಟ್ಟಲೆ ಎರಡು ಮನೆಗಳ ಖರ್ಚು ಹೊತ್ತ ಕುಟುಂಬಕ್ಕೆ 1998 ಸರಿಯಾದ ವರ್ಷವಾಗಿತ್ತು; 2002ರವರೆಗೆ ಕಾದಿದ್ದರೆ ಮಾರಲು ಹೆಚ್ಚೇನೂ ಉಳಿದಿರುತ್ತಿರಲಿಲ್ಲ. ಮಾಡಬೇಕಾದ್ದನ್ನೆಲ್ಲ ಮಾಡಿ ಮುಗಿಸಿದ್ದ ಮಗುವೊಂದು ಅಪ್ಪ–ಅಮ್ಮ ಒಂದೇ ಮನೆಯಲ್ಲಿರಲಿ ಎಂದು ಬಯಸಿದ್ದನ್ನು ಹೊಣೆಗೇಡಿತನವೆನ್ನಲು ನನಗಂತೂ ಬಾಯಿ ಬರುವುದಿಲ್ಲ.

ಆಮೇಲಿನ ನಾಲ್ಕು ವರ್ಷ ಪ್ರವಾಸಿ ಪ್ರದರ್ಶನಗಳಲ್ಲಿ ಕಳೆದವು. ಅಷ್ಟರಲ್ಲಿ ಸೊಂಟದ ನೋವು ಆಕೆಯನ್ನು ಹಿಡಿದಿತ್ತು. ಸೊಂಟದ ಕೀಲಿನ ಗುಳಿಯ ಅಂಚಿಗೆ ಬಿಗಿಯಾಗಿ ಕೂತಿರುವ ಮೃದ್ವಸ್ಥಿಯ ಉಂಗುರ ಹರಿದಿರುವುದು ಬಹುಕಾಲ ಪತ್ತೆಯಾಗಲೇ ಇಲ್ಲ. 2000ದಲ್ಲಿ, ಹದಿನೆಂಟರ ವಯಸ್ಸಿಗೆ, ಶಸ್ತ್ರಚಿಕಿತ್ಸೆ ಆಯಿತು. ಪ್ರತಿ ಇಳಿತದಲ್ಲೂ ದೇಹತೂಕದ ಹಲವು ಪಟ್ಟು ಬಲ ಒಂದೇ ಕಾಲಿನ ಮೇಲೆ ಬೀಳುತ್ತದೆ. ಸ್ಪರ್ಧೆಯಲ್ಲಿ ನಾವು ಕಾಣುವ ಒಂದು ಜಿಗಿತದ ಹಿಂದೆ ಅಭ್ಯಾಸದಲ್ಲಿ ಸಾವಿರಾರು ಜಿಗಿತಗಳಿರುತ್ತವೆ, ಅದೂ ಮೂಳೆಗಳು ಇನ್ನೂ ಬಲಿಯುತ್ತಿರುವ ವಯಸ್ಸಿನಲ್ಲಿ. ಯಾವುದೋ ಒಂದು ಜಿಗಿತವೇ ಗಾಯಕ್ಕೆ ಕಾರಣವೆಂದು ಬೊಟ್ಟು ಮಾಡುವುದು ವೈದ್ಯಕೀಯವಾಗಿ ಸರಿಯಲ್ಲ. ಆದರೂ ಚಿನ್ನ ತಂದ ಜೋಡಣೆ ಬೇಡಿದ್ದು ಒಂದೇ ಕಾಲಿನ ಒಂದೇ ಕೀಲನ್ನು, ಏರಲೂ ಇಳಿಯಲೂ, ಎರಡೆರಡು ಬಾರಿ.

2002ರ ಹೊತ್ತಿಗೆ ಆಕೆ ಪ್ರದರ್ಶನಗಳನ್ನೂ ನಿಲ್ಲಿಸಿದರು. ನಟನೆಯಲ್ಲಿ ಕೆಲಕಾಲ ಕಳೆದು, 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಮಾಜಿ ಸ್ಕೇಟರ್ ಜಾನಿ ವಿಯರ್ ಜತೆ ಎನ್‌ಬಿಸಿ ವಾಹಿನಿಗೆ ವೀಕ್ಷಕ ವಿವರಣೆ ನೀಡಿದರು. ಅದು ಎಷ್ಟು ಮೆಚ್ಚುಗೆ ಪಡೆಯಿತೆಂದರೆ 2018ರ ಪ್ಯೋಂಗ್‌ಚಾಂಗ್ ವೇಳೆಗೆ ಅವರಿಬ್ಬರೇ ವಾಹಿನಿಯ ಮುಖ್ಯ ವಿವರಣೆಕಾರರಾಗಿದ್ದರು. ಕ್ವಾನ್ ಸ್ಪರ್ಧೆಯಲ್ಲೇ ಉಳಿದು, ಒಟ್ಟು ಐದು ವಿಶ್ವ ಪ್ರಶಸ್ತಿ, ಒಂಬತ್ತು ರಾಷ್ಟ್ರೀಯ ಪ್ರಶಸ್ತಿ ಗಳಿಸಿದರು. ಒಲಿಂಪಿಕ್ ಚಿನ್ನ ಮಾತ್ರ ಬರಲಿಲ್ಲ. 2002ರಲ್ಲಿ ಅವರಿಗೆ ಕಂಚು, ಚಿನ್ನ ಹದಿನಾರರ ಸಾರಾ ಹ್ಯೂಸ್‌ಗೆ.

ಇಂದಿನ ನಿಯಮದಲ್ಲಿ

2022ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟವು ಹಿರಿಯರ ವಿಭಾಗದ ಕನಿಷ್ಠ ವಯಸ್ಸನ್ನು ಹಂತಹಂತವಾಗಿ ಹದಿನೇಳಕ್ಕೆ ಏರಿಸಲು ನಿರ್ಧರಿಸಿತು. 2024–25ರ ಋತುವಿನಿಂದ ಅದು ಪೂರ್ಣವಾಗಿ ಜಾರಿಯಲ್ಲಿದೆ. ಲಿಪಿನ್‌ಸ್ಕಿಯ ಜನ್ಮದಿನಾಂಕಕ್ಕೆ ಇದನ್ನು ಅನ್ವಯಿಸಿ ನೋಡಬಹುದು. ಹಿರಿಯರ ಅಂತರರಾಷ್ಟ್ರೀಯ ಸ್ಪರ್ಧೆಗೆ ಆಕೆ ಮೊದಲು ಅರ್ಹರಾಗುತ್ತಿದ್ದುದು 1999–2000ದ ಋತುವಿನಲ್ಲಿ. ಮೊದಲ ಒಲಿಂಪಿಕ್ಸ್ 2002ರದ್ದು, ಆಗ ವಯಸ್ಸು ಹತ್ತೊಂಬತ್ತು. ಅದಕ್ಕೆ ಎರಡು ವರ್ಷ ಮೊದಲೇ ಸೊಂಟಕ್ಕೆ ಕತ್ತರಿ ಬಿದ್ದಿತ್ತು.

ಹೊಸ ನಿಯಮ ಮಕ್ಕಳನ್ನು ಕಾಪಾಡುತ್ತದೆ ಎನ್ನುವವರು ಈ ಲೆಕ್ಕವನ್ನು ತಮ್ಮ ಪರವಾಗಿ ಓದಬಹುದು, ಒತ್ತಡವಿಲ್ಲದಿದ್ದರೆ ಗಾಯವೇ ಆಗುತ್ತಿರಲಿಲ್ಲ ಎನ್ನಬಹುದು. ನನಗೆ ಅಷ್ಟು ಭರವಸೆಯಿಲ್ಲ. ಟ್ರಿಪಲ್‌ಗಳನ್ನು ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಕಲಿಯುವುದು ಹಿರಿಯರ ವಿಭಾಗಕ್ಕೆ ಬಂದ ಮೇಲಲ್ಲ, ಕಿರಿಯರ ವಿಭಾಗದಲ್ಲಿಯೇ. ಅಲ್ಲಿನ ಅಭ್ಯಾಸದ ಹೊರೆಗೆ ಈ ನಿಯಮ ಯಾವ ಮಿತಿಯನ್ನೂ ಹಾಕುವುದಿಲ್ಲ. ದಿನಕ್ಕೆ ಎಷ್ಟು ಜಿಗಿತ, ನೋವೆಂದಾಗ ಎಷ್ಟು ದಿನ ವಿಶ್ರಾಂತಿ ಎಂಬುದು ಈಗಲೂ ತರಬೇತುದಾರರ ಮತ್ತು ಹೆತ್ತವರ ವಿವೇಚನೆಗೇ ಬಿಟ್ಟ ವಿಷಯ. ಅದು ಬದಲಾಗದೆ ಉಳಿದರೆ, ಇಂಥ ಇನ್ನೊಬ್ಬ ಹುಡುಗಿಯ ಸೊಂಟ ಹದಿನೆಂಟಕ್ಕೆ ಅದೇ ಸ್ಥಿತಿಗೆ ಬರಬಹುದು. ಆದರೆ ಆ ಹೊತ್ತಿಗೆ ಆಕೆ ಒಂದು ಒಲಿಂಪಿಕ್ಸ್‌ನಲ್ಲೂ ಸ್ಪರ್ಧಿಸಿರುವುದಿಲ್ಲ.